ಹುಣಸೆಮರದ ಲೆಕ್ಕ ಯಾರಿಗೆ ಬೇಕು?

ಓದುಗರ ಪ್ರಶ್ನೆ, ಮೇಡಂ ಉತ್ತರ

ಕೋಲಾರ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಡಂ ಈ ಅಂಕಣ ಬರೆಯುತ್ತಾರೆ. ಶಾಲೆಯ ಪ್ರಾಜೆಕ್ಟು, ಮೊಬೈಲು, ಎಐ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಮೇಡಂ, ನಾನು ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳನೇ ಕ್ಲಾಸಿಗೆ ವಿಜ್ಞಾನ ಪಾಠ ಮಾಡುತ್ತೇನೆ. ಪ್ರಾಜೆಕ್ಟ್ ಅಂದರೆ ಮಕ್ಕಳು ಜೆರಾಕ್ಸ್ ಅಂಗಡಿಗೆ ಹೋಗಿ, ನೆಟ್‌ನಿಂದ ಚಿತ್ರ ಪ್ರಿಂಟ್ ಹಾಕಿಸಿ, ಚಾರ್ಟಿಗೆ ಅಂಟಿಸಿಕೊಂಡು ಬರುತ್ತಾರೆ. ಅದರಲ್ಲೇನಿದೆ ಅಂತ ಕೇಳಿದರೆ ತಲೆ ತಗ್ಗಿಸುತ್ತಾರೆ. ಸ್ಮಾರ್ಟ್ ಕ್ಲಾಸ್ ಟಿ.ವಿ. ಇದೆ. ವಿಡಿಯೊ ಹಾಕಿದರೆ ಸ್ವಲ್ಪ ಹೊತ್ತು ನೋಡುತ್ತಾರೆ, ಆಮೇಲೆ ಗಲಾಟೆ ಶುರು. ಇರುವುದು ನನ್ನದೊಂದೇ ಫೋನ್. ಮಕ್ಕಳು ಮನಸ್ಸಿಟ್ಟು ಮಾಡುವಂಥ ಪ್ರಾಜೆಕ್ಟ್ ಯಾವುದು?
– ಶಿಕ್ಷಕಿ, ಮುಳಬಾಗಿಲು ತಾಲ್ಲೂಕು

ಉತ್ತರ: ಮಾರ್ಕ್ಸ್ ಹಾಕಿದ ಮೇಲೆ ಆ ಚಾರ್ಟನ್ನು ಯಾರಾದರೂ ನೋಡುತ್ತಾರಾ? ಇಲ್ಲ ಅಲ್ವಾ. ಅದು ಮಕ್ಕಳಿಗೂ ಗೊತ್ತು. ಯಾರಿಗೂ ಬೇಡದ ಕೆಲಸವನ್ನು ಯಾರು ತಾನೇ ಮನಸ್ಸಿಟ್ಟು ಮಾಡುತ್ತಾರೆ? ತಾವು ಬರೆದದ್ದು, ಅಳೆದದ್ದು ಇನ್ನೊಬ್ಬರಿಗೆ ಬೇಕಾಗಿದೆ ಅಂತ ಗೊತ್ತಾದರೆ ಅದೇ ಮಕ್ಕಳ ಕೆಲಸದ ರೀತಿಯೇ ಬದಲಾಗುತ್ತದೆ. ಹೊಸ ತಂತ್ರಜ್ಞಾನದಿಂದ ಹಳ್ಳಿ ಶಾಲೆಗೆ ಆಗಿರುವ ದೊಡ್ಡ ಉಪಕಾರ ವಿಡಿಯೊ ಅಲ್ಲ. ಮಕ್ಕಳ ಲೆಕ್ಕವನ್ನು ಅದು ಬೇಕಾದವರಿಗೆ ಮುಟ್ಟಿಸುವ ದಾರಿ ಸಿಕ್ಕಿದೆ, ಅದು ದೊಡ್ಡದು.

ನಿಮ್ಮ ಶಾಲೆಯ ಹತ್ತಿರ ಹುಣಸೆಯೋ ಹೊಂಗೆಯೋ ಮಾವೋ ಬೇವೋ ಇದ್ದೇ ಇರುತ್ತದೆ. ಸೀಸನ್‌ವಾಚ್ ಅಂತ ಒಂದು ಯೋಜನೆ ಇದೆ. 2010ರಿಂದ ನಡೆಯುತ್ತಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರದು. ಯಾವ ಮರ ಯಾವಾಗ ಚಿಗುರುತ್ತದೆ, ಹೂ ಬಿಡುತ್ತದೆ, ಕಾಯಿ ಕಟ್ಟುತ್ತದೆ ಎಂಬ ಮಾಹಿತಿಯನ್ನು ದೇಶದ ಬೇರೆ ಬೇರೆ ಕಡೆಯ ಜನರಿಂದ, ಅದರಲ್ಲೂ ಶಾಲಾ ಮಕ್ಕಳಿಂದ, ಸಂಗ್ರಹಿಸುತ್ತಾರೆ. ಹವಾಮಾನ ಬದಲಾದಂತೆ ಮರಗಳ ಕಾಲವೂ ಬದಲಾಗುತ್ತಿದೆಯಾ ಅಂತ ತಿಳಿಯುವುದಕ್ಕೆ. ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು, ಅಷ್ಟೇ. ಚಿಗುರು, ಬಲಿತ ಎಲೆ, ಮೊಗ್ಗು, ಅರಳಿದ ಹೂ, ಕಾಯಿ, ಹಣ್ಣು: ಪ್ರತಿಯೊಂದೂ ಇಲ್ಲವಾ, ಸ್ವಲ್ಪವಾ, ಜಾಸ್ತಿಯಾ ಅಂತ ಬರೆಯಬೇಕು. ನೋಟ್‌ಬುಕ್ಕಿನಲ್ಲಿ ಬರೆಯಲಿ. ಶನಿವಾರ ನಿಮ್ಮ ಫೋನಿನಿಂದ ಒಬ್ಬರು ಆ್ಯಪ್‌ಗೆ ಹಾಕಿದರೆ ಸಾಕು. ಒಂದೇ ಫೋನಿದೆ ಅನ್ನುವುದು ಇಲ್ಲಿ ಕೊರತೆಯೇ ಅಲ್ಲ.

ಈ "ಸ್ವಲ್ಪ"ಕ್ಕೂ "ಜಾಸ್ತಿ"ಗೂ ನಡುವೆ ಜಗಳ ಬರುತ್ತದೆ. ಬರಲಿ. ಹುಣಸೆಮರದ ಕೆಳಗೆ ನಿಂತು ಒಬ್ಬ "ಕಾಯಿ ಜಾಸ್ತಿ" ಅನ್ನುತ್ತಾನೆ, ಇನ್ನೊಬ್ಬಳು "ಆ ಕಡೆ ಕೊಂಬೆ ನೋಡೋ, ಬರೀ ಎಲೆ" ಅನ್ನುತ್ತಾಳೆ. ಮರದ ಸುತ್ತ ಒಂದು ಸುತ್ತು ಬರುತ್ತಾರೆ. ಕೊಂಬೆ ಕೊಂಬೆ ಎಣಿಸುತ್ತಾರೆ. ವಿಜ್ಞಾನದ ಪಾಠ ನಡೆಯುವುದು ಆ ಜಗಳದಲ್ಲೇ. ದಯವಿಟ್ಟು ನೀವು ಮಧ್ಯೆ ಹೋಗಿ ತೀರ್ಪು ಕೊಡಬೇಡಿ.

ಇನ್ನೊಂದು ಕೆಲಸ ಮಾಡಿಸಿ. ಮರದಿಂದ ಸ್ವಲ್ಪ ದೂರದಲ್ಲಿ ಒಂದು ಇಟ್ಟಿಗೆ ಹೂಳಿಸಿ. ಪ್ರತಿ ವಾರ ಅದೇ ಇಟ್ಟಿಗೆಯ ಮೇಲೆ ನಿಂತು, ಅದೇ ಹೊತ್ತಿಗೆ, ಫೋನನ್ನು ಅಡ್ಡ ಹಿಡಿದು ಒಂದೇ ಒಂದು ಫೋಟೊ ತೆಗೆಯಲಿ. ಹಿಂದಿನ ವಾರದ ಫೋಟೊ ನೋಡಿಕೊಂಡು ಶಾಲೆಯ ಕಾಂಪೌಂಡು ಚಿತ್ರದಲ್ಲಿ ಅದೇ ಜಾಗಕ್ಕೆ ಬರುವಂತೆ ಹಿಡಿಯಬೇಕು. ಒಂದು ವರ್ಷದ ಫೋಟೊಗಳನ್ನು ಸಾಲಾಗಿ ಜೋಡಿಸಿ ನಿಮ್ಮ ಸ್ಮಾರ್ಟ್ ಕ್ಲಾಸ್ ಟಿ.ವಿ.ಯಲ್ಲಿ ಓಡಿಸಿ. ಬೇರೆಯವರ ವಿಡಿಯೊಗೆ ಗಲಾಟೆ ಮಾಡುವ ಮಕ್ಕಳು ತಮ್ಮ ಮರ ಬೋಳಾಗಿ ಮತ್ತೆ ಚಿಗುರುವುದನ್ನು ಹೇಗೆ ನೋಡುತ್ತಾರೆ ಅಂತ ನೀವೇ ನೋಡಿ. ಯುಗಾದಿ ಹಬ್ಬದ ದಿನ ಬೇವಿನ ಹೂ ಎಷ್ಟು ಅರಳಿತ್ತು ಅಂತ ಮನೆಯಲ್ಲಿ ದಿನಾಂಕ ಸಮೇತ ಹೇಳುವ ಮಗು ಆ ವಿಷಯವನ್ನು ಮರೆಯುವುದಿಲ್ಲ.

ಮಳೆಗಾಲಕ್ಕೆ ಮಳೆಮಾಪಕ ಮಾಡಿಸಬಹುದು. ಕುತ್ತಿಗೆ ಕತ್ತರಿಸಿದ, ನೇರ ಗೋಡೆಯ ಪ್ಲಾಸ್ಟಿಕ್ ಬಾಟಲಿ, ಒಂದು ಸ್ಕೇಲು, ಅಷ್ಟೇ ಬೇಕಾದದ್ದು. ಬಾಟಲಿಯ ತಳ ಉಬ್ಬುತಗ್ಗಿದ್ದರೆ ಮೊದಲು ಒಂದು ಗುರುತಿನ ತನಕ ನೀರು ತುಂಬಿಸಿ, ಅಲ್ಲಿಂದ ಸೊನ್ನೆ ಎಣಿಸಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ಜಾಗಕ್ಕೆ ಒಂದು ಲೀಟರ್ ನೀರು. ಶಾಲೆಯ ಛಾವಣಿ ಅಳೆದರೆ ನಿನ್ನೆ ಎಷ್ಟು ಲೀಟರ್ ಹರಿದು ಹೋಯಿತು ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ಅವರ ಲೆಕ್ಕದ ಪಕ್ಕದಲ್ಲಿ ನಿಮ್ಮದನ್ನು ಬರೆಸಿ. ಎರಡೂ ಬೇರೆ ಬಂದರೆ ಮಕ್ಕಳದೇ ತಪ್ಪು ಅಂತ ತೀರ್ಮಾನಿಸಬೇಡಿ. ನಮ್ಮ ಕಡೆ ಈ ಹೊಲದಲ್ಲಿ ಸುರಿದ ಮಳೆ ಆ ಹೊಲಕ್ಕೆ ಬಂದಿರುವುದಿಲ್ಲ.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ. "ನಮ್ಮ ಜಿಲ್ಲೆಯ ಕೆರೆಗಳು" ಅಂತ ಪ್ರಾಜೆಕ್ಟ್ ಕೊಟ್ಟಿದ್ದರು. ಫೋನಿನಲ್ಲಿ ಎಐಗೆ ಕೇಳಿದ, ಒಂದೇ ನಿಮಿಷದಲ್ಲಿ ಹತ್ತು ಪುಟ ಬಂತು. ಅದನ್ನೇ ಬರೆದುಕೊಂಡು ಹೋದ. ಒಳ್ಳೆಯ ಮಾರ್ಕ್ಸೂ ಬಂತು. ನನಗೆ ಸಮಾಧಾನವಿಲ್ಲ. ಫೋನ್ ಕಿತ್ತುಕೊಳ್ಳಲಾ?
– ರೈತ, ಶ್ರೀನಿವಾಸಪುರ

ಉತ್ತರ: ಕಿತ್ತುಕೊಳ್ಳಬೇಡಿ. ನಿಮಗೆ ಸಮಾಧಾನ ಆಗದಿರುವುದು ಸರಿಯಾಗಿಯೇ ಇದೆ. ಪ್ರಶ್ನೆ ಅಷ್ಟು ಅಗಲವಾಗಿದ್ದರೆ ಎಐ ಹತ್ತು ಪುಟ ಬರೆಯುವುದು ಸುಲಭ. ಅದರಲ್ಲಿ ಇಲ್ಲದ ಕೆರೆಯ ಹೆಸರು ಸೇರಿದ್ದರೂ ಅದೇ ಧೈರ್ಯದಿಂದ ಬರೆದಿರುತ್ತದೆ. ಪ್ರಶ್ನೆಯನ್ನು ನಿಮ್ಮೂರಿನ ಕೆರೆಗೆ ತಂದು ನಿಲ್ಲಿಸಿ. ಈ ತಿಂಗಳು ನೀರು ಎಲ್ಲಿಯವರೆಗೆ ನಿಂತಿದೆ? ತೂಬು ಕೆಲಸ ಮಾಡುತ್ತಿದೆಯಾ? ಕೋಡಿ ಕೊನೆಯ ಸಲ ಹರಿದದ್ದು ಯಾವಾಗ? ರಾಜಕಾಲುವೆ ಎಲ್ಲಿ ಮುಚ್ಚಿದೆ? ಇದು ಏರಿ ಮೇಲೆ ನಡೆದುಹೋದವರಿಗೆ ಮಾತ್ರ ಗೊತ್ತಾಗುವ ವಿಷಯ.

ಈಗ ಫೋನನ್ನು ಅವನ ಕೈಗೆ ಕೊಡಿ. ಗೂಗಲ್ ಅರ್ಥ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರ ನೋಡಬಹುದು. ವರ್ಷವಿಡೀ ಹರಿಯುವ ನದಿ ಇಲ್ಲದ ನಮ್ಮ ಜಿಲ್ಲೆ ಕೆರೆಗಳನ್ನೇ ನಂಬಿದ್ದು. ಅವು ವರ್ಷಗಟ್ಟಲೆ ಒಣಗಿ ಜಾಲಿ ಬೆಳೆದು ನಿಂತಿದ್ದನ್ನು ನಾವೆಲ್ಲ ನೋಡಿದ್ದೇವೆ. ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು 2018ರ ಜೂನ್‌ನಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದೊಂದೇ ಕೆರೆ ತುಂಬುತ್ತಾ ಹೋಯಿತು. ಆ ಕೆರೆಗಳ 2018ರ ಹಿಂದಿನ ಚಿತ್ರ, ಮುಂದಿನ ಚಿತ್ರ ಪಕ್ಕಪಕ್ಕ ಇಟ್ಟು ನೋಡಲಿ. ನಿಮ್ಮೂರ ಕೆರೆಗೆ ಆ ನೀರು ಬಂದಿಲ್ಲದಿದ್ದರೆ ಅದನ್ನೂ ಬರೆಯಲಿ. ಬಂದ ಕೆರೆ ಒಂದು, ಬಾರದ ಕೆರೆ ಒಂದು ತೆಗೆದುಕೊಂಡು ಹೋಲಿಸಿದರೆ ಇನ್ನೂ ಒಳ್ಳೆಯದು. ಅದೇ ಆ್ಯಪ್‌ನಲ್ಲಿ ನೀರಿನ ಅಂಚಿನ ಸುತ್ತ ಗೆರೆ ಎಳೆದರೆ ಎಷ್ಟು ಎಕರೆ ಅಂತ ತೋರಿಸುತ್ತದೆ.

ಎರಡೂ ಕೆರೆಗಳ ಹತ್ತಿರದ ಬೋರ್‌ವೆಲ್‌ಗಳ ಬಗ್ಗೆಯೂ ಕೇಳಿಕೊಂಡು ಬರಲಿ. ಎಷ್ಟು ಅಡಿಗೆ ನೀರು ಸಿಕ್ಕಿತು, ಯಾವ ವರ್ಷ ಕೊರೆಸಿದ್ದು, ಈಗ ಬರುತ್ತಿದೆಯಾ. ಸಾವಿರ ಅಡಿ ದಾಟಿದ ಬೋರ್‌ವೆಲ್ ನಮ್ಮಲ್ಲಿ ಏನೂ ಅಪರೂಪವಲ್ಲ. ನೀವೇ ರೈತರು, ಮೊದಲ ಉತ್ತರ ನಿಮ್ಮಿಂದಲೇ ಸಿಗಲಿ. ಊರಿನಲ್ಲಿ ಹಳೆಯ ನೀರಗಂಟಿ, ಅಂದರೆ ಕೆರೆಯ ನೀರು ಬಿಡುವ ಕೆಲಸ ನೋಡಿಕೊಳ್ಳುತ್ತಿದ್ದವರು, ಇದ್ದರೆ ಅವರನ್ನು ಮಾತಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಲಿ. ಅವರು ತೆಲುಗಿನಲ್ಲಿ ಹೇಳಿದರೂ ಪರವಾಗಿಲ್ಲ, ಮನೆಯಲ್ಲಿ ತೆಲುಗು ಆಡುವ ಮಕ್ಕಳಿಗೆ ಅದು ಇನ್ನೂ ಸಲೀಸು. ಕೇಳಿಕೊಂಡು ಕನ್ನಡದಲ್ಲಿ ಬರೆಯಲಿ. ಬರೆಯುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೆ ಅಕ್ಷರ ಮೂಡುತ್ತದೆ. ಅದರಲ್ಲಿ ತಪ್ಪು ಇರುತ್ತದೆ, ತಿದ್ದಬೇಕು. ಆ ತಿದ್ದುವುದರಲ್ಲಿ ಭಾಷೆಯೂ ಬರುತ್ತದೆ.

ಎಐ ಬೇಕಾಗುವುದು ಇಷ್ಟೆಲ್ಲ ಆದ ಮೇಲೆ. ತಾನು ತಂದ ಲೆಕ್ಕವನ್ನು ಅದಕ್ಕೆ ಕೊಟ್ಟು "ಇದರಲ್ಲಿ ಅನುಮಾನ ಬರುವುದು ಎಲ್ಲಿ? ಇನ್ನೇನು ಕೇಳಿಕೊಂಡು ಬರಬೇಕು?" ಅಂತ ಕೇಳಲಿ. ಅದು ಕೇಳುವ ಪ್ರಶ್ನೆ ಹಿಡಿದುಕೊಂಡು ಮತ್ತೆ ಕೆರೆಗೆ ಹೋಗಲಿ. ಮುಗಿದ ಮೇಲೆ ಒಂದು ಪ್ರತಿ ಗ್ರಾಮ ಪಂಚಾಯಿತಿಗೆ ಕೊಟ್ಟು ಬರಲಿ. ಪಿಡಿಒ ಓದಿ ಒಂದೇ ಒಂದು ಪ್ರಶ್ನೆ ಕೇಳಿದರೂ ಸಾಕು, ಮುಂದಿನ ಸಲ ಅವನು ನಕಲು ಮಾಡುವುದಿಲ್ಲ.

ಪ್ರಶ್ನೆ: ನಮ್ಮ ಶಾಲೆಗೆ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಿದೆ. ಸಾಮಾನು ಕೆಟ್ಟುಹೋದರೆ ಯಾರು ಜವಾಬ್ದಾರಿ ಅಂತ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ವಸ್ತುಪ್ರದರ್ಶನದ ದಿನ ಮಾತ್ರ ಹೊರಗೆ. ಏನು ಮಾಡೋದು?
– ವಿಜ್ಞಾನ ಶಿಕ್ಷಕ, ಕೋಲಾರ ತಾಲ್ಲೂಕು

ಉತ್ತರ: ನೀತಿ ಆಯೋಗ ಈ ಲ್ಯಾಬ್‌ಗಳನ್ನು 2016ರಲ್ಲಿ ಶುರು ಮಾಡಿದ್ದು ಆರರಿಂದ ಹನ್ನೆರಡನೇ ತರಗತಿಯ ಮಕ್ಕಳು ಕೈಯಾರೆ ಮುಟ್ಟಿ, ಬಿಚ್ಚಿ, ಜೋಡಿಸಲಿ ಅಂತ. ಒಂದು ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡುವುದು ಬೀರುವಿನಲ್ಲಿ ಇಡುವುದಕ್ಕಲ್ಲ. ಮುಟ್ಟಿದ ಸಾಮಾನು ಕೆಡುತ್ತದೆ. ಕೆಟ್ಟದ್ದನ್ನು ದಾಖಲೆಯಲ್ಲಿ ಬರೆದಿಡಿ, ಮುಖ್ಯ ಶಿಕ್ಷಕರಿಗೂ ಧೈರ್ಯ ಬರುತ್ತದೆ. ಈ ವಿಷಯದಲ್ಲಿ ನನಗೆ ನಿಜಕ್ಕೂ ಸಂಕಟವಿದೆ. ಆ ಬೀಗದ ಮುಂದೆ ಓಡಾಡಿಕೊಂಡೇ ಒಂದು ತಂಡದ ಮಕ್ಕಳು ಶಾಲೆ ಮುಗಿಸಿ ಹೋಗಿಬಿಡುತ್ತಾರೆ.

ಮಾಡುವ ಕೆಲಸ ಹೇಳುತ್ತೇನೆ. ನಿಮ್ಮ ಕ್ಲಾಸಿನಲ್ಲಿ ಟೊಮೆಟೊ ಬೆಳೆಯುವವರ ಮಕ್ಕಳು ಖಂಡಿತ ಇರುತ್ತಾರೆ. ಲ್ಯಾಬ್‌ನ ಆರ್ಡುಯಿನೊ ಬೋರ್ಡಿಗೆ (ಸೆನ್ಸರ್ ಹೇಳುವುದನ್ನು ಓದುವ ಪುಟ್ಟ ಕಂಪ್ಯೂಟರ್ ಹಲಗೆ) ಮಣ್ಣಿನ ತೇವ ಅಳೆಯುವ ಸೆನ್ಸರ್ ಜೋಡಿಸಿ ತೋಟಕ್ಕೆ ತೆಗೆದುಕೊಂಡು ಹೋಗಿ. ಎರಡು ಕಡ್ಡಿಯ ಅಗ್ಗದ ಸೆನ್ಸರ್ ಬೇಗ ತುಕ್ಕು ಹಿಡಿಯುತ್ತದೆ, ಕೆಪ್ಯಾಸಿಟಿವ್ ಅನ್ನುವ ಬಗೆಯದು ಬಾಳಿಕೆ ಬರುತ್ತದೆ. ಅದರ ಮೇಲೆ ಒಂದು ಗೆರೆ ಇರುತ್ತದೆ, ಆ ಗೆರೆಯಿಂದ ಮೇಲಕ್ಕೆ ನೀರು ತಾಕಬಾರದು. ಮೊದಲು ಪೂರ್ತಿ ಒಣಗಿದ ಮಣ್ಣಿನಲ್ಲಿಟ್ಟು ಸಂಖ್ಯೆ ಬರೆದುಕೊಳ್ಳಿ, ಆಮೇಲೆ ಅದೇ ಮಣ್ಣಿಗೆ ಚೆನ್ನಾಗಿ ನೀರು ಹಾಕಿ ಇನ್ನೊಂದು ಸಂಖ್ಯೆ. ಒಣಮಣ್ಣಿಗೆ ದೊಡ್ಡ ಸಂಖ್ಯೆ, ಒದ್ದೆಗೆ ಸಣ್ಣದು ಬರುತ್ತದೆ. ಮಕ್ಕಳು ತಬ್ಬಿಬ್ಬಾಗುತ್ತಾರೆ, ಯಾಕೆ ಅಂತ ಯೋಚಿಸಲು ಬಿಡಿ. ಆಮೇಲೆ ಡ್ರಿಪ್ ಪೈಪಿನ ತೂತಿನಿಂದ ಒಂದು ಗೇಣು ದೂರದಲ್ಲಿ ಸೆನ್ಸರ್ ನೆಡಿ.

ಸೆನ್ಸರ್ ಓದುವ ಮೊದಲು ಆ ಮಗುವಿನ ಅಪ್ಪನೋ ಅಮ್ಮನೋ ಒಂದು ಹಿಡಿ ಮಣ್ಣು ತೆಗೆದು ಅದುಮಿ ನೋಡಲಿ. ಉಂಡೆ ಕಟ್ಟುತ್ತದಾ, ಪುಡಿಯಾಗುತ್ತದಾ, ಇವತ್ತು ನೀರು ಬಿಡಬೇಕಾ ಬೇಡವಾ, ಅವರ ಮಾತನ್ನು ಬರೆದುಕೊಂಡ ಮೇಲೆ ಸೆನ್ಸರ್ ನೋಡಿ. ಒಂದು ಬೆಳೆ ಮುಗಿಯುವ ತನಕ ಎರಡೂ ಬರೆಯಿರಿ. ಹೆತ್ತವರ ಕೈಯ ಅನುಭವಕ್ಕೆ ಯಾವ ಸಂಖ್ಯೆ ಹೊಂದುತ್ತದೆ ಅಂತ ಗೊತ್ತಾದರೆ ಅದು ಆ ತೋಟಕ್ಕೆ ನಾಳೆಯೇ ಬೇಕಾಗುವ ವಿಷಯ. ವಸ್ತುಪ್ರದರ್ಶನಕ್ಕೆ ಕಾಯಬೇಕಾಗಿಲ್ಲ.

ಪ್ರಶ್ನೆ: ಮೇಡಂ, ನಾನು ಎಂಟನೇ ಕ್ಲಾಸ್. ಶಬ್ದದ ಪಾಠಕ್ಕೆ ಪ್ರಾಜೆಕ್ಟ್ ಮಾಡಬೇಕು. ನಮ್ಮ ಮನೇಲಿ ಅಪ್ಪನ ಹಳೇ ಫೋನ್ ಮಾತ್ರ ಇದೆ, ನೆಟ್ ಯಾವಾಗಲೂ ಇರಲ್ಲ. ಅದರಲ್ಲಿ ಏನಾದರೂ ಮಾಡಬಹುದಾ?
– ವಿದ್ಯಾರ್ಥಿನಿ, ಬಂಗಾರಪೇಟೆ

ಉತ್ತರ: ಧಾರಾಳವಾಗಿ ಮಾಡಬಹುದು ಮಗು. ಫೈಫಾಕ್ಸ್ ಅಂತ ಒಂದು ಉಚಿತ ಆ್ಯಪ್ ಇದೆ. ಜರ್ಮನಿಯ ಆಕೆನ್ ವಿಶ್ವವಿದ್ಯಾಲಯದವರು ಮಾಡಿದ್ದು. ಒಮ್ಮೆ ಹಾಕಿಕೊಂಡರೆ ಆಮೇಲೆ ಪ್ರಯೋಗಕ್ಕೆ ನೆಟ್ ಬೇಡ. ಅದರಲ್ಲಿ ಶಬ್ದದಿಂದ ಓಡುವ, ಶಬ್ದದಿಂದ ನಿಲ್ಲುವ ಸ್ಟಾಪ್‌ವಾಚ್ ಇದೆ. ನಿಮ್ಮ ಟೀಚರ್ ಫೋನಿನಲ್ಲೂ ಅದನ್ನು ಹಾಕಿಸಿಕೊಳ್ಳುವಂತೆ ಕೇಳು.

ಎರಡೂ ಫೋನನ್ನು ಮೈದಾನದಲ್ಲಿ ಸರಿಯಾಗಿ 10 ಮೀಟರ್ ದೂರ ಇಡು. ಮೊದಲ ಫೋನಿನ ಹತ್ತಿರ ನೀನು ಜೋರಾಗಿ ಚಪ್ಪಾಳೆ ತಟ್ಟು, ಎರಡೂ ಓಡಲು ಶುರುವಾಗುತ್ತವೆ. ಆಮೇಲೆ ಎರಡನೇ ಫೋನಿನ ಹತ್ತಿರ ನಿನ್ನ ಗೆಳತಿ ತಟ್ಟಲಿ, ಎರಡೂ ನಿಲ್ಲುತ್ತವೆ. ಎರಡರ ಸಮಯ ಒಂದೇ ಇರುವುದಿಲ್ಲ. ಶಬ್ದ ಹೋಗುವಾಗ 10 ಮೀಟರ್, ಬರುವಾಗ 10 ಮೀಟರ್ ಓಡಿದ ಹೊತ್ತೇ ಆ ವ್ಯತ್ಯಾಸ. 20ನ್ನು ಅದರಿಂದ ಭಾಗಿಸು. ಸೆಕೆಂಡಿಗೆ 340 ಮೀಟರ್‌ನ ಹತ್ತಿರ ಬರಬೇಕು. ಗಾಳಿ ಜೋರಿದ್ದರೆ, ಗಲಾಟೆಯಿದ್ದರೆ ಸರಿಯಾಗಿ ಬರುವುದಿಲ್ಲ. ಮತ್ತೆ ಮತ್ತೆ ಮಾಡಿ ಸರಾಸರಿ ತೆಗೆ. ಸರಿ ಬಾರದ ಅಳತೆಯನ್ನು ಅಳಿಸಬೇಡ, ಪಕ್ಕದಲ್ಲಿ ಯಾಕಿರಬಹುದು ಅಂತ ಬರೆ. ತಾಪ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸುಮಾರು 0.6 ಮೀಟರ್ ಹೆಚ್ಚುತ್ತದೆ. ಅದಕ್ಕೇ ಆ ದಿನದ ತಾಪವನ್ನೂ ಬರೆದಿಡು. ನೋಟ್‌ಬುಕ್ಕನ್ನು ಟೀಚರ್‌ಗೆ ಕೊಟ್ಟುಬಿಡು. ಮುಂದಿನ ವರ್ಷದವರು ಅದೇ ಮೈದಾನದಲ್ಲಿ ಬೇರೆ ತಿಂಗಳಲ್ಲಿ ಅಳೆಯುವಾಗ ನಿನ್ನ ಲೆಕ್ಕ ಅವರಿಗೆ ಬೇಕಾಗುತ್ತದೆ.

 

ಪ್ರಶ್ನೆ: ಪ್ರಾಜೆಕ್ಟ್ ಫೋಟೊಗಳನ್ನು ಶಾಲೆಯ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದಕ್ಕೆ ಒಬ್ಬ ತಾಯಿ ಬಂದು ತಕರಾರು ಮಾಡಿದರು. ಇದಕ್ಕೆ ನಿಯಮ ಏನು?
– ಮುಖ್ಯ ಶಿಕ್ಷಕರು, ಮಾಲೂರು

ಉತ್ತರ: ಆ ತಾಯಿ ಹೇಳಿದ್ದು ನ್ಯಾಯವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿಗೆ ಹೆತ್ತವರ ಒಪ್ಪಿಗೆ ಬೇಕು ಅನ್ನುತ್ತದೆ. ಮರ, ಕೆರೆ, ಸೆನ್ಸರ್ ಫೋಟೊದಲ್ಲಿ ಮಗುವಿನ ಕೈ ಬಂದರೆ ಸಾಕು, ಮುಖ ಬೇಕಿಲ್ಲ. ಪೂರ್ತಿ ಹೆಸರು, ಮನೆಯ ವಿಳಾಸ ಬೇಡವೇ ಬೇಡ. ಗಿಡ, ಹುಳ, ಹಕ್ಕಿ ಗುರುತಿಸಲು ಸೀಕ್ ಅನ್ನುವ ಆ್ಯಪ್ ಬಳಸಿ, ಅದಕ್ಕೆ ಮಕ್ಕಳ ಹೆಸರಿನಲ್ಲಿ ಖಾತೆ ತೆರೆಯಬೇಕಾಗಿಲ್ಲ. ಬೇರೆ ಆ್ಯಪ್‌ಗಳಿಗೆ ಶಾಲೆಯ ಹೆಸರಿನಲ್ಲಿ ಒಂದೇ ಖಾತೆ ಇರಲಿ, ಅದು ಶಿಕ್ಷಕರ ಕೈಯಲ್ಲಿರಲಿ. ವರ್ಷದ ಆರಂಭದಲ್ಲೇ ಒಪ್ಪಿಗೆ ಪತ್ರ ತೆಗೆದುಕೊಳ್ಳಿ. ಸರಳ ಕನ್ನಡದಲ್ಲಿ ಅರ್ಧ ಪುಟ ಸಾಕು. ಓದಲು ಬಾರದ ಹೆತ್ತವರಿಗೆ ಸಭೆಯಲ್ಲಿ ಓದಿ ಹೇಳಿ, ಬೇಕಾದರೆ ತೆಲುಗಿನಲ್ಲೂ ಉರ್ದುವಿನಲ್ಲೂ ವಿವರಿಸಿ, ಆಮೇಲೆ ಸಹಿ ತೆಗೆದುಕೊಳ್ಳಿ.