ಮೊಲಕ್ಕೆ ಬಿಲ ಎಲ್ಲಿದೆ ತಾಯಿ?

ಪತ್ರ: ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ‘ಮೊಲದ ಬೇಟೆಯ ನೆನಪು’ ಅಂತ ಆರು ಜನ ಹಿರಿಯರ ಮಾತುಗಳನ್ನು ನಾಲ್ಕು ಪುಟ ಹಾಕಿದ್ದೀರಿ. ಓದಿದ ರಾತ್ರಿ ನನಗೆ ಊಟ ಸೇರಲಿಲ್ಲ. ಬಿಲದಲ್ಲಿ ಮರಿಗಳು ಕಾಯುತ್ತಿರುವಾಗ ಆ ಬಿಳಿ ಮುದ್ದು ಪ್ರಾಣಿಯನ್ನು ಬಲೆಗೆ ಕೆಡವಿದ ಕಥೆಯನ್ನು ನಗುನಗುತ್ತಾ ಹೇಳಿಕೊಳ್ಳಲು ನಿಮ್ಮ ಪತ್ರಿಕೆಯೇ ಬೇಕಿತ್ತೇ? ಇದು ಅಪರಾಧವಲ್ಲವೇ? ‘ಮುಂದುವರಿಯುವುದು’ ಎಂದು ಬೇರೆ ಹಾಕಿದ್ದೀರಿ. ದಯವಿಟ್ಟು ನಿಲ್ಲಿಸಿ. – ಒಬ್ಬ ಓದುಗರು, ಬೆಂಗಳೂರು

ಉತ್ತರ: ಒಪ್ಪಿಕೊಳ್ಳಬೇಕಾದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೌದು, ಅಪರಾಧವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಮೊಲ ಇದೆ. ಮೊಲ ಹೊಡೆದರೆ 3 ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಈ ಕಾನೂನು ಇರಬೇಕು ಎನ್ನುವವರಲ್ಲಿ ನಾನೂ ಒಬ್ಬ. ತಲೆಗೆ ಬ್ಯಾಟರಿ ಕಟ್ಟಿಕೊಂಡು, ಬೈಕಿನಲ್ಲಿ ಹೊಲ ಸುತ್ತುವ ಹುಡುಗರ ಪರ ನಾನು ಒಂದು ಸಾಲೂ ಬರೆಯುವುದಿಲ್ಲ. ನಾವು ಮಾತಾಡಿಸಿದ ಆರು ಜನರಲ್ಲಿ ಅರವತ್ತೈದು ದಾಟದವರು ಯಾರೂ ಇಲ್ಲ. ಒಬ್ಬರಿಗಂತೂ ಈಗ ಮೊಲ ಎದುರಿಗೆ ಬಂದು ಕೂತರೂ ಕಾಣುವುದಿಲ್ಲ. ಕಣ್ಣಿಗೆ ಪೊರೆ ಬಂದಿದೆ.

ಅಷ್ಟು ಸಾಕಲ್ವಾ? ಈಗ ನನ್ನ ಮಾತು ಕೇಳಿ.

ಮೊಲಕ್ಕೆ ಬಿಲ ಇಲ್ಲ ತಾಯಿ. ನಿಮ್ಮ ಪತ್ರ ಓದಿ ಮುಗಿಸಿದ ಮೇಲೆ ನನ್ನ ತಲೆಯಲ್ಲಿ ಉಳಿದದ್ದು ಆ ಒಂದು ಪದ. ನೀವು ಮರುಗಿದ ಬಿಳಿ ಮೈಯ ಮೊಲ ಪಂಜರದ್ದು. ಅದರ ಮೂಲ ಯುರೋಪು. ಅದು ಬಿಲ ತೋಡುತ್ತದೆ, ಅದರ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟುತ್ತದೆ. ನಮ್ಮ ಹೊಲದ ಮೊಲದ ಜಾತಿಯೇ ಬೇರೆ. ಮಣ್ಣಿನ ಬಣ್ಣದ ಮೈ, ಕತ್ತಿನ ಹಿಂದೆ ಕಪ್ಪು ಪಟ್ಟಿ. ಇದು ಬಿಲ ತೋಡುವುದಿಲ್ಲ. ಹುಲ್ಲಿನ ನಡುವೆ ಮೈ ಹಿಡಿಸುವಷ್ಟು ತಗ್ಗು ಮಾಡಿಕೊಂಡು, ಕಿವಿ ಬೆನ್ನಿಗೆ ಅಂಟಿಸಿ ಹಗಲೆಲ್ಲ ಬಿದ್ದಿರುತ್ತದೆ. ಇದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಇಂಗ್ಲಿಷಿನವರು ಒಂದನ್ನು ರ‍್ಯಾಬಿಟ್ ಅಂದರು, ಇನ್ನೊಂದನ್ನು ಹೇರ್ ಅಂದರು. ನಾವು ಎರಡಕ್ಕೂ ಮೊಲ ಅಂದುಬಿಟ್ಟೆವು. ಅದರಲ್ಲಿ ನಿಮ್ಮ ತಪ್ಪೇನಿಲ್ಲ. ಆದರೆ ನಮ್ಮ ನಾಲ್ಕು ಪುಟದಲ್ಲಿ ಎಲ್ಲೂ ‘ಬಿಳಿ’ ಅಂತ ಇರಲಿಲ್ಲ. ಇನ್ನೊಮ್ಮೆ ನೋಡಿ. ಅದನ್ನು ಸೇರಿಸಿದವರು ನೀವು.

ಆ ಆರು ಜನರಲ್ಲಿ ಒಬ್ಬರು ಕುರಿ ಕಾಯುತ್ತಿದ್ದವರು. ಓದಿಗೆ ಕೂತವರಲ್ಲ. ಅವರು ಹೇಳಿದ್ದು ನಿಮಗೆ ನೆನಪಿರಬಹುದು: “ತಾಯಿ ಮೊಲ ಮರಿಗಳನ್ನ ಒಂದೇ ಕಡೆ ಇಡಕ್ಕಿಲ್ಲ. ಇಲ್ಲೊಂದು, ಅಲ್ಲೊಂದು. ಒಂದು ನರಿ ಪಾಲಾದ್ರೂ ಇನ್ನೊಂದು ಉಳೀಲಿ ಅಂತ. ಹೊತ್ತು ಮುಳುಗಿದ ಮೇಲೆ ಬಂದು ಹಾಲು ಕೊಟ್ಟು ಹೋಯ್ತದೆ. ಹಗಲು ಹತ್ರಕ್ಕೂ ಸುಳಿಯಕ್ಕಿಲ್ಲ, ಅದರ ವಾಸನೆಗೆ ನಾಯಿ ಬತ್ತದಲ್ಲ.” ಪ್ರಾಣಿಶಾಸ್ತ್ರ ಓದಿದವರನ್ನು ಕೇಳಿದೆ. ಮೊಲದ ಕುಲದ ಬಗ್ಗೆ ಪುಸ್ತಕದಲ್ಲಿ ಇರುವುದೂ ಇದೇ ಅಂದರು. ಇಷ್ಟು ತಿಳಿದಿದ್ದ ಮನುಷ್ಯ ಆ ತಾಯಿಯನ್ನು ಹೊಡೆದೂ ಇದ್ದಾರೆ. ಅದು ನಿಮಗೆ ಸಿಟ್ಟು ತರಿಸಿತು. ನನ್ನನ್ನು ಅದು ಎರಡು ದಿನ ಸುಮ್ಮನೆ ಕೂರಿಸಿತು. ಕೊಂದವನಿಗೆ ಮೊಲ ಗೊತ್ತು, ಮರುಗುವ ನಮಗೆ ಗೊತ್ತಿಲ್ಲ. ನಾನು ಈ ಸರಣಿ ಶುರು ಮಾಡಿದ್ದೇ ಈ ಕಾರಣಕ್ಕೆ.

ನನ್ನದೂ ಒಂದು ನೆನಪಿದೆ. ಸಂಪಾದಕನಾದವನು ತನ್ನ ಕಥೆ ಹೇಳಬಾರದು ಅಂತಾರೆ. ಆದರೆ ಈ ಪುಟದಲ್ಲಿ ನನ್ನನ್ನು ತಡೆಯುವವರು ಯಾರೂ ಇಲ್ಲ.

ನಮ್ಮದು ತುಮಕೂರು ಸೀಮೆಯ ಬಯಲು. ಯುಗಾದಿಯ ದಿನ ಬೇವು ಬೆಲ್ಲ, ಒಬ್ಬಟ್ಟು. ಮಾರನೇ ದಿನ ವರ್ಷದ ತೊಡಕು. ಅವತ್ತು ಊರಿನ ಗಂಡಸರೆಲ್ಲ ಬೇಟೆಗೆ. ನನಗೆ ಒಂಬತ್ತು ವರ್ಷವಿರಬೇಕು, ಮೊದಲ ಸಲ ಕರೆದುಕೊಂಡು ಹೋದರು. ಕುರುಚಲು ಗಿಡದ ಮೆಳೆಗೆ ಅಡ್ಡಲಾಗಿ ಉದ್ದಕ್ಕೆ ಬಲೆ ಕಟ್ಟಿದ್ದರು. ಸೋವುವವರು ಮೇಲುಗಡೆಯಿಂದ ತಗಡು ಬಡಿಯುತ್ತಾ, ಹೋ ಎನ್ನುತ್ತಾ ಇಳಿಯಬೇಕು. ಯಾವಾಗಲೂ ಮೇಲಿನಿಂದ ಕೆಳಕ್ಕೇ ಯಾಕೆ ಅಂತ ಕೇಳಿದ್ದಕ್ಕೆ ನಮ್ಮ ಚಿಕ್ಕಜ್ಜ ಹೇಳಿದ್ದು ಇವತ್ತಿಗೂ ನೆನಪಿದೆ. ಮೊಲದ ಹಿಂಗಾಲು ಉದ್ದ, ಮುಂಗಾಲು ಗಿಡ್ಡ. ದಿಣ್ಣೆ ಹತ್ತುವಾಗ ಅದನ್ನು ಹಿಡಿಯುವ ನಾಯಿ ಹುಟ್ಟಿಲ್ಲ, ಇಳಿಯುವಾಗ ಮುಗ್ಗರಿಸುತ್ತದೆ. ನನ್ನನ್ನು ಬಲೆಯ ತುದಿಯಲ್ಲಿ ನಿಲ್ಲಿಸಿ, ಮೊಲ ಈ ಕಡೆ ಬಂದರೆ ಕೂಗು, ಅದು ಬಲೆಗೆ ತಿರುಗುತ್ತದೆ ಎಂದರು.

ಬಂತು. ಓಡಿ ಬರಲಿಲ್ಲ, ಕುಪ್ಪಳಿಸುತ್ತಾ ಬಂತು. ಹತ್ತು ಅಡಿ ದೂರದಲ್ಲಿ ನಿಂತು, ಹಿಂಗಾಲ ಮೇಲೆ ಎದ್ದು, ಒಂದು ಕಿವಿ ತಗಡಿನ ಸದ್ದಿಗೆ, ಒಂದು ಕಿವಿ ನನಗೆ ಕೊಟ್ಟಿತು. ಮೂಗು ಅದುರುತ್ತಿತ್ತು. ನಾನು ಬಾಯಿ ತೆರೆದೆ. ಸದ್ದು ಬರಲಿಲ್ಲ. ದಯೆಯಿಂದಲ್ಲ ಬಿಡಿ, ಹೆದರಿಕೆಯಿಂದ. ನನ್ನ ಚಡ್ಡಿಯ ಪಕ್ಕದಲ್ಲೇ ಹಾರಿ ಹೋಯಿತು. ಮುಂದೆ ಎರಡು ವರ್ಷ ಊರಲ್ಲಿ ನನಗೆ ಇದ್ದ ಹೆಸರನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ. ಆದರೂ ಸಂಜೆ ನನಗೆ ಪಾಲು ಸಿಕ್ಕಿತು. ಬೇಟೆಗೆ ಬಂದ ಪ್ರತಿ ತಲೆಗೂ ಒಂದು ಪಾಲು, ನಾಯಿಗೂ ಒಂದು ಪಾಲು, ಕೇರಿಯಲ್ಲಿ ಗಂಡುದಿಕ್ಕಿಲ್ಲದ ಒಬ್ಬ ಅಜ್ಜಿಗೂ ಒಂದು ಪಾಲು. ಅವತ್ತು ಸಿಕ್ಕಿದ್ದು ಎರಡೇ ಮೊಲ. ಅಷ್ಟು ಜನಕ್ಕೆ ಹಂಚಿದರೆ ಎಷ್ಟು ಬರುತ್ತದೆ ಹೇಳಿ? ಬೆರಳಿನಷ್ಟು. ಸಾರಿನಲ್ಲಿ ಹುಡುಕಬೇಕು. ಆದರೆ ಪಾಲು ತಪ್ಪುವಂತಿರಲಿಲ್ಲ.

“ನಗುನಗುತ್ತಾ ಹೇಳಿಕೊಳ್ಳುತ್ತಾರೆ” ಅಂದಿರಲ್ಲ, ಅವರು ನಗುವುದು ಜಾಸ್ತಿ ತಪ್ಪಿಸಿಕೊಂಡ ಮೊಲದ ಬಗ್ಗೆ. ಗಮನಿಸಿದಿರಾ? ಆರು ಜನರ ಮಾತಿನಲ್ಲಿ ಸಿಕ್ಕ ಮೊಲಗಳಿಗಿಂತ ಕೈತಪ್ಪಿದ ಮೊಲಗಳೇ ಹೆಚ್ಚು. ನಾಯಿಗೇ ತಿರುಗಿ ನಿಂತದ್ದು, ಬಲೆಯನ್ನೇ ಎತ್ತಿಕೊಂಡು ಹೋದದ್ದು, ಕೇಪಿನ ಕೋವಿಗೆ ಮದ್ದು ತುಂಬುವಷ್ಟರಲ್ಲಿ ಎದುರಿಗೇ ಕೂತು ಮುಖ ತೊಳೆದುಕೊಂಡದ್ದು. ಸುಳ್ಳೂ ಇರಬಹುದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ನಾಡಿನವರಲ್ಲವೇ ನಾವು!

ಆ ಗಾದೆಗೂ ಅವರಲ್ಲೊಬ್ಬರು ಒಂದು ಅರ್ಥ ಹೇಳಿದರು. ಜಾಗ ಸಾಲದೆ ಕಳೆದ ಸಲ ಬಿಟ್ಟಿದ್ದೆ. ಮೊಲ ನೆಗೆಯುವಾಗ ಹಿಂಗಾಲು ಮುಂಗಾಲನ್ನು ದಾಟಿ ಮುಂದೆ ಬೀಳುತ್ತವೆ. ಧೂಳಿನಲ್ಲಿ ಮುಂದೆ ಅಕ್ಕಪಕ್ಕ ಕಾಣುವ ಎರಡು ಉದ್ದನೆ ಗುರುತು ಹಿಂಗಾಲಿನವು. ಹಿಂದೆ, ಒಂದರ ಹಿಂದೊಂದು ಬೀಳುವ ಚಿಕ್ಕ ಗುರುತು ಮುಂಗಾಲಿನವು. ಕೆಲವು ಸಲ ಅವೆರಡೂ ಕೂಡಿ ಒಂದೇ ಆಗಿ ಕಾಣುತ್ತವೆ. ಅಜ್ಜ ಅಂಗಳದ ಮಣ್ಣಿನ ಮೇಲೆ ಬೆರಳೊತ್ತಿ ತೋರಿಸಿ, “ಎಣಿಸಿ, ಎಷ್ಟಾಯ್ತು?” ಅಂದರು. ಮೂರು. ಗಾದೆ ಹುಟ್ಟಿದ್ದೇ ಹೀಗೆ ಅಂತ ನಾನು ಹೇಳಲಾರೆ, ಭಾಷೆಯ ಪಂಡಿತರು ಮೇಲೆ ಬೀಳುತ್ತಾರೆ. ಆದರೆ ಹಟಮಾರಿಯ ಪಕ್ಷದಲ್ಲೂ ಒಂದು ಸಾಕ್ಷಿ ಇರಬಹುದು ಅಂತ ನನಗೆ ಅವತ್ತೇ ಹೊಳೆದದ್ದು.

ಬೇಟೆಯ ಬಗ್ಗೆ ನಾವು ಬರೆದೇ ಇಲ್ಲವೇ? ಬೇಕಾದಷ್ಟು ಬರೆದಿದ್ದೇವೆ, ಬೇಟೆಯಾಡಿದವನು ದೊಡ್ಡವನಾಗಿದ್ದರೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸುಮಾರು 949ರ ಶಾಸನವಿತ್ತು, ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಗಂಗರ ಅರಸ ಬೂತುಗನ ಕಡೆಯ ವೀರ ಮಣಲೆರ, ಯುದ್ಧದಲ್ಲಿ ಅರಸನನ್ನು ಮೆಚ್ಚಿಸಿದ್ದಕ್ಕೆ ಊರು ಕೇಳಲಿಲ್ಲ, ಕಾಳಿ ಎಂಬ ನಾಯಿ ಕೇಳಿದ. ಕಾಳಿ ಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ನಾಯಿಗೆ ಕಲ್ಲು ನೆಟ್ಟರು. ನಾನು ಆ ಕಲ್ಲಿನ ಮುಂದೆ ನಿಂತು ಕಣ್ಣು ತುಂಬಿಕೊಂಡವನು. ಮುಧೋಳದ ನಾಯಿಯನ್ನೇ ನೋಡಿ. ಬಯಲಲ್ಲಿ ಮೊಲದ ಹಿಂದೆ ಓಡಿ ಓಡಿಯೇ ಆ ಸಣ್ಣ ಸೊಂಟ, ಆ ಉದ್ದ ಕಾಲು ಹೆಸರು ಮಾಡಿದ್ದು. ಅದಕ್ಕೆ 2005ರಲ್ಲಿ ಅಂಚೆ ಚೀಟಿ ಬಂತು, ಆಮೇಲೆ ಸೇನೆಗೂ ಸೇರಿತು. ನಮಗೆಲ್ಲ ಹೆಮ್ಮೆ. ಆ ನಾಯಿಯ ಹಿಂದೆ ಬರಿಗಾಲಲ್ಲಿ ಓಡಿದವನು ಬಾಯಿಬಿಟ್ಟರೆ ಮಾತ್ರ ನಮಗೆ ಊಟ ಸೇರುವುದಿಲ್ಲ.

ಮೈಸೂರಿನಲ್ಲಿ ವ್ಯಾನ್ ಇಂಗೆನ್ ಅವರ ಕಾರ್ಖಾನೆ 1900ರ ಹೊತ್ತಿಗೆ ಶುರುವಾಗಿ ಹತ್ತಿರ ಹತ್ತಿರ ನೂರು ವರ್ಷ ಸಾವಿರಾರು ಹುಲಿ ಚಿರತೆಗಳ ಚರ್ಮ ಹದ ಮಾಡಿ, ಅಚ್ಚಿನ ಮೇಲೆ ಹೊದಿಸಿ, ಬದುಕಿದ್ದಂತೆ ನಿಲ್ಲಿಸಿತು. ಅರಮನೆಗಳ ಗೋಡೆಯ ಮೇಲೆ ಆ ತಲೆಗಳು ಇಂದಿಗೂ ಹಲ್ಲು ಕಿರಿಯುತ್ತಿವೆ. ಟಿಕೆಟ್ ತೆಗೆದುಕೊಂಡು ಮಕ್ಕಳನ್ನು ಎತ್ತಿ ತೋರಿಸುತ್ತೇವೆ. ಅದು ಪರಂಪರೆ. ಉರುಳು ಹಾಕಿ ಒಂದು ಮೊಲ ಹಿಡಿದದ್ದು ಮಾತ್ರ ಪಾಪ.

ಕಾನೂನಿನ ಕಥೆಯೂ ಅಷ್ಟೇ. 1972ರ ಕಾಯ್ದೆ ಬಂದ ದಿನವೇ ಬೇಟೆ ಪೂರ್ತಿ ನಿಂತಿತು ಅಂತ ಅನೇಕರು ತಿಳಿದಿದ್ದಾರೆ. ಇಲ್ಲ. ಆಗ ದೊಡ್ಡ ಬೇಟೆಗೊಂದು, ಸಣ್ಣ ಬೇಟೆಗೊಂದು ಅಂತ ಪರವಾನಗಿಗಳು ಕಾಯ್ದೆಯಲ್ಲೇ ಇದ್ದವು. ಮೊಲ ಸಣ್ಣ ಬೇಟೆಯ ಪಟ್ಟಿಯಲ್ಲಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿ. ಅಲ್ಲಿಯವರೆಗೆ ಪರವಾನಗಿ ಕೇಳಿ ಅರ್ಜಿ ಬರೆಯುವ ಶಕ್ತಿ ಯಾರಿಗಿತ್ತು? ಕೋವಿ ಇದ್ದವನಿಗೆ, ಜೀಪು ಇದ್ದವನಿಗೆ. ಉರುಳಿನವನು ಮೊದಲ ದಿನದಿಂದಲೂ ಕಳ್ಳನೇ. ಬೇಟೆಯೇ ಕಸುಬಾಗಿದ್ದ ಹರಣಶಿಕಾರಿ ಜನರನ್ನು ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಎಂದು ಪಟ್ಟಿಗೆ ಹಾಕಿದ್ದರು. ಆ ಪಟ್ಟಿ 1952ರಲ್ಲಿ ಹೋಯಿತು. ಆದರೆ ಆ ನೋಟ ಹೋಗಿದೆಯೇ?

ಇರಲಿ, ಮೊಲಕ್ಕೇ ಬರೋಣ. ಅದು ಎಲ್ಲಿ ಹೋಯಿತು? ನಮ್ಮ ಚಿಕ್ಕಜ್ಜನ ಬಲೆ ಅದನ್ನು ಮುಗಿಸಲಿಲ್ಲ. ವರ್ಷಕ್ಕೊಮ್ಮೆ ಎರಡು ಹಿಡಿಯುತ್ತಿದ್ದರು, ಮುಂದಿನ ಯುಗಾದಿಗೆ ಮತ್ತೆ ಇರುತ್ತಿದ್ದವು. ಗೋಮಾಳ ಹೋಯಿತು, ಅದರ ಹಿಂದೆ ಮೊಲವೂ ಹೋಯಿತು. ಸರ್ಕಾರದ ಕಣ್ಣಿಗೆ ಮರ ಇಲ್ಲದ ಜಾಗವೆಲ್ಲ ಬಂಜರು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ ನೋಡಿ. ಹುಲ್ಲು ಬಯಲಿನಲ್ಲಿ ಓಡಬೇಕಾದ ಪ್ರಾಣಿಯ ಹೆಸರಿನಲ್ಲಿ ಅಭಯಾರಣ್ಯ, ಒಳಗೆ ಸಾಲು ಸಾಲು ನೀಲಗಿರಿ. ನೀಲಗಿರಿ ನೆಡುವುದನ್ನು ನಮ್ಮ ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ನೆಟ್ಟು ಮುಗಿದ ಮೇಲೆ. ನಾನು ಬಲೆಯ ತುದಿಯಲ್ಲಿ ನಿಂತಿದ್ದ ಆ ಇಳಿಜಾರು ಈಗ ಬಡಾವಣೆ. ಅದಕ್ಕೊಂದು ಇಂಗ್ಲಿಷ್ ಹೆಸರು. ಹೆಸರಿನ ಅರ್ಥ ಹುಲ್ಲುಗಾವಲು ಅಂತಲೇ! ಅಲ್ಲಿ ಮನೆ ಕಟ್ಟಿಕೊಂಡವರೊಬ್ಬರು ಮಕ್ಕಳಿಗೆ ಅಂತ ಎರಡು ಬಿಳಿ ಮೊಲ ಸಾಕಿದ್ದಾರೆ. ಮುದ್ದಾಗಿವೆ, ಸುಳ್ಳು ಹೇಳಬಾರದು.

ನೀವು ಬರೆದದ್ದು ಬೆಂಗಳೂರಿನಿಂದ. ಕೆಂಪೇಗೌಡರು ಊರು ಕಟ್ಟಲು ಜಾಗ ಹುಡುಕುವಾಗ ಮೊಲವೊಂದು ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋಯಿತು, ಅದು ಗಂಡುಭೂಮಿ ಎಂದು ಅಲ್ಲೇ ಕಟ್ಟಿದರು ಅಂತ ಐತಿಹ್ಯ. ವಿಜಯನಗರಕ್ಕೂ ಇದೇ ಕಥೆ, ಅಲ್ಲಿ ಹಕ್ಕಬುಕ್ಕರ ನಾಯಿ. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ, ಬೇಡ ಬಿಡಿ. ಆದರೆ ಎರಡು ರಾಜಧಾನಿಗೆ ಜಾಗ ತೋರಿಸಿದ ಪ್ರಾಣಿಗೆ ನಿಮ್ಮ ಊರಿನಲ್ಲಿ ಅಂಗೈಯಗಲ ಹುಲ್ಲು ಉಳಿದಿದೆಯೇ? ಆ ಕಥೆಯನ್ನೂ ಮೊದಲು ಹೇಳಿದವನು ನಾಯಿಯ ಹಿಂದೆ ಓಡಿದ ಒಬ್ಬ ಬೇಟೆಗಾರನೇ ಇರಬೇಕು. ತಪ್ಪಿಸಿಕೊಂಡ ಮೊಲದ ಕಥೆ ತಾನೇ ಅದು?

ಚಿತ್ರದುರ್ಗ ಜಿಲ್ಲೆಯ ಕೆಲವು ಹಳ್ಳಿಗಳಲ್ಲಿ ಸಂಕ್ರಾಂತಿಗೆ ಮೊಲ ಹಿಡಿದು ತಂದು, ಕಿವಿಗೆ ಓಲೆ ಹಾಕಿ, ದೇವರ ಮುಂದೆ ಪೂಜೆ ಮಾಡಿ ಮತ್ತೆ ಬಿಟ್ಟುಬಿಡುತ್ತಿದ್ದರು. ಹಿಡಿಯುವುದೂ ಈಗ ತಪ್ಪು. ಸರಿ. ಆದರೆ ಓಲೆ ಹಾಕಿಕೊಂಡ ಮೊಲ ಹೊಲಕ್ಕೆ ಹಾರಿದ್ದನ್ನು ಕಂಡವರ ಮಾತಾದರೂ ನಮ್ಮ ಹತ್ತಿರ ಇರಬೇಡವೇ? ಆದ್ದರಿಂದ ಸರಣಿ ನಿಲ್ಲುವುದಿಲ್ಲ. ನೀವು ಬೈಯುವುದನ್ನೂ ನಿಲ್ಲಿಸಬೇಡಿ. ಹೊಗಳಿದ ಪತ್ರ ಹನ್ನೊಂದು ಬಂದಿವೆ, ಒಂದೂ ನಿಮ್ಮದರಷ್ಟು ಚೆನ್ನಾಗಿರಲಿಲ್ಲ.

ಕೊನೆಗೆ, ನಿಮ್ಮ ಪತ್ರವನ್ನು ಆ ಕುರಿ ಕಾಯುತ್ತಿದ್ದ ಅಜ್ಜನಿಗೆ ಫೋನಿನಲ್ಲಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. “ಆಯಮ್ಮ ಹೇಳೋದು ಸರಿಯಾಗೈತೆ” ಅಂದರು. ನನಗೆ ಸ್ವಲ್ಪ ನಿರಾಸೆಯಾಯಿತು ಅನ್ನಿ. ಆಮೇಲೆ ದನಿ ತಗ್ಗಿಸಿ ಒಂದು ಸುದ್ದಿ ಹೇಳಿದರು. ಊರಾಚೆ ಸೈಟು ಮಾಡಿ ಮಾರಾಟವಾಗದೆ ಬಿಟ್ಟ ಜಾಗದಲ್ಲಿ ಹುಲ್ಲು ಎದ್ದಿದೆಯಂತೆ. ಹೋದ ವಾರ ಅಲ್ಲಿ ಮೊಲದ ಹಿಕ್ಕೆ ಕಂಡಿದ್ದಾರೆ. ಎರಡು ದಿನ ಬಿಟ್ಟು ಹೋಗಿ ನೋಡಿದರೆ ಮತ್ತೆ ಹೊಸದು. ಈಗ ದಿನಾ ಸಂಜೆ ಕೋಲೂರಿಕೊಂಡು ಹೋಗಿ ನೋಡಿ ಬರುತ್ತಾರೆ. ಮಗನಿಗೂ ಹೇಳಿಲ್ಲ. ಹುಡುಗರ ಕಿವಿಗೆ ಬಿದ್ದರೆ ಬ್ಯಾಟರಿ ಹಿಡಿದು ಬರುತ್ತಾರೆ, ಪೇಪರಿನಲ್ಲಿ ಊರ ಹೆಸರು ಹಾಕಬೇಡ ಅಂತ ನನ್ನಿಂದ ಮಾತು ತೆಗೆದುಕೊಂಡರು.

ಹಾಕಿಲ್ಲ.

– ಸಂ.