ಕಡಲಕ್ಕಿ ಫೋಟೊಗೆ ಬೆಳಗಿನ ಹೊತ್ತೇ ಸರಿ

ಮಲ್ಪೆಯಲ್ಲಿ ಸಂಜೆ ಕಡಲಕ್ಕಿಗಳ (ಗಲ್) ಹತ್ತಿರ ಹೋದರೆ ಇಪ್ಪತ್ತು ಮೀಟರ್ ದೂರವಿರುವಾಗಲೇ ಹಾರಿಹೋಗುತ್ತವೆ, ಸಿಕ್ಕಿದ್ದೆಲ್ಲ ಬೆನ್ನಿನ ಫೋಟೊ, 70-300 ಎಂಎಂ ಜೂಮ್ ಲೆನ್ಸ್ ಮಾರಿ ದೊಡ್ಡದು ತಗೊಳ್ಳಲಾ ಅಂತ ಕೇಳಿದ್ದೀರಿ. ಲೆನ್ಸ್ ಸಾಕು ಸರ್. ನೀವು ಹೋಗುವ ಹೊತ್ತು ಬದಲಾಗಬೇಕು.

ಕಡಲಕ್ಕಿ ಸಾಮಾನ್ಯವಾಗಿ ಗಾಳಿಗೆ ಮುಖ ಕೊಟ್ಟೇ ಕೂರುತ್ತದೆ, ಮೇಲೇಳುವುದೂ ಗಾಳಿಗೆ ಎದುರಾಗಿಯೇ. ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ಬೀಸುತ್ತದೆ, ಹಕ್ಕಿಗಳೆಲ್ಲ ಪಡುವಣಕ್ಕೆ ತಿರುಗಿರುತ್ತವೆ, ಸೂರ್ಯನೂ ಅಲ್ಲೇ. ದಡದಲ್ಲಿ ನಿಂತ ನಿಮಗೆ ಬೆನ್ನು ಬಿಟ್ಟು ಇನ್ನೇನು ಸಿಕ್ಕೀತು? ಚಳಿಗಾಲದ ಬೆಳಗ್ಗೆ ಗಾಳಿ ಘಟ್ಟದ ಕಡೆಯಿಂದ ಬರುತ್ತದೆ. ಆಗ ಹಕ್ಕಿಯ ಮುಖ ನಿಮ್ಮ ಕಡೆಗೆ, ಬಿಸಿಲು ನಿಮ್ಮ ಬೆನ್ನಿಗೆ. ಏಳರಿಂದ ಒಂಬತ್ತರ ತನಕ ಸಿಗುವ ಬೆಳಕಿಗೆ ಸಮ ಇಲ್ಲ.

ಹತ್ತಿರ ಹೋಗುವುದು ಹೇಗೆ ಅಂದರೆ, ನೀವು ಹೋಗಬೇಡಿ. ಮೂವತ್ತು ಮೀಟರ್ ದೂರದಲ್ಲೇ ಮರಳ ಮೇಲೆ ಬೋರಲು ಮಲಗಿ, ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕಿರಲಿ. ಹದಿನೈದು ನಿಮಿಷ ಅಲ್ಲಾಡದೆ ಇದ್ದರೆ ಅವೇ ನಡೆದುಕೊಂಡು ಬರುತ್ತವೆ. ಕತ್ತು ಉದ್ದ ಮಾಡಿ ನಿಮ್ಮನ್ನೇ ನೋಡತೊಡಗಿದರೆ ಇನ್ನು ಮುಂದೆ ಸರಿಯಬೇಡಿ. ಕೈರಂಪಣಿ, ಅಂದರೆ ದಡದಲ್ಲೇ ನಿಂತು ಹಗ್ಗದಿಂದ ಬಲೆ ಎಳೆಯುವ ಜಾಗ ಇನ್ನೂ ಒಳ್ಳೆಯದು, ಬೂತಾಯಿ ಮೀನಿನ ಆಸೆಗೆ ಅವು ಜನರ ನಡುವೆಯೇ ಇಳಿಯುತ್ತವೆ. ಬಲೆಯವರನ್ನು ಮೊದಲೇ ಕೇಳಿ, ಹಗ್ಗಕ್ಕೆ ಅಡ್ಡ ನಿಲ್ಲಬೇಡಿ. ಹಾರಲಿ ಅಂತ ಗುಂಪಿನೊಳಗೆ ಓಡುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ. ಇಲ್ಲಿ ಹೆಚ್ಚಾಗಿ ಕಾಣುವ ಕಂದುತಲೆಯ ಕಡಲಕ್ಕಿ ಲಡಾಖ್, ಟಿಬೆಟ್ ಕಡೆಯ ಸರೋವರಗಳಲ್ಲಿ ಮರಿ ಮಾಡಿ ಅಷ್ಟು ದೂರದಿಂದ ಬಂದದ್ದು. ಅದು ಸುಧಾರಿಸಿಕೊಳ್ಳಬೇಕು.

ಸೆಟ್ಟಿಂಗ್: ಶಟರ್ ವೇಗ ಹಾರುವಾಗ 1/2000 ಸೆಕೆಂಡ್, ಕೂತಿದ್ದರೆ 1/800 ಸಾಕು. ಒದ್ದೆ ಮರಳು ಹಿಂದಿದ್ದರೆ ಫೋಟೊದಲ್ಲಿ ಬಿಳಿ ಗರಿಯ ವಿವರವೇ ಕಾಣದಷ್ಟು ಬೆಳ್ಳಗಾಗುತ್ತದೆ, ಎಕ್ಸ್‌ಪೋಶರ್ (ಒಳಗೆ ಬೀಳುವ ಬೆಳಕು) ಮುಕ್ಕಾಲು ಸ್ಟಾಪ್ ಇಳಿಸಿ; ಸ್ಟಾಪ್ ಅಂದರೆ ಬೆಳಕು ಇಮ್ಮಡಿ ಅಥವಾ ಅರ್ಧ ಆಗುವ ಒಂದು ಹಂತ. ಆಕಾಶ ಹಿಂದಿದ್ದರೆ ಒಂದು ಸ್ಟಾಪ್ ಏರಿಸಿ. ಕ್ಯಾಮೆರಾ ಸಂಸ್ಕರಿಸದ ರಾ (RAW) ಫೈಲ್‌ನಲ್ಲೇ ತೆಗೆಯಿರಿ.

ಡಿಸೆಂಬರ್‌ನಲ್ಲಿ ಕಂದುತಲೆಯ ಕಡಲಕ್ಕಿಯ ತಲೆ ಬೆಳ್ಳಗಿದ್ದು ಕಣ್ಣಿನ ಹಿಂದೆ ಕಪ್ಪು ಮಚ್ಚೆ ಮಾತ್ರ ಇರುತ್ತದೆ. ಮಾರ್ಚ್ ಹೊತ್ತಿಗೆ ಕಂದು ಬಣ್ಣ ಏರತೊಡಗುತ್ತದೆ, ಆಗಲೂ ಒಮ್ಮೆ ಹೋಗಿ. ಹತ್ತಿರದಿಂದ ನೋಡಿದರೆ ಕೊಕ್ಕಿನ ತುದಿಯಲ್ಲಿ ಒಂದು ಹನಿ ನೇತಾಡುವುದು ಕಾಣುತ್ತದೆ. ಕುಡಿದ ಉಪ್ಪುನೀರಿನ ಉಪ್ಪನ್ನು ಕಣ್ಣಿನ ಮೇಲಿನ ಗ್ರಂಥಿ ಸೋಸಿ ಮೂಗಿನಿಂದ ಹೊರಹಾಕುವ ಹನಿ ಅದು. ತಲೆ ಕೊಡವಿದಾಗ ಸಿಡಿಯುತ್ತದೆ. ಆ ಒಂದು ಕ್ಷಣಕ್ಕೆ ನಾನು ಮೂರು ಬೆಳಗು ಮಲಗಿದ್ದೆ, ಸಿಕ್ಕಿತು.

ಬೀಚಿನಲ್ಲಿ ಲೆನ್ಸ್ ಬಿಚ್ಚಲೇಬೇಡಿ. ಮನೆಗೆ ಬಂದ ಕೂಡಲೇ ಕೈಯಲ್ಲಿ ಒತ್ತಿ ಗಾಳಿ ಬಿಡುವ ಬ್ಲೋವರ್‌ನಿಂದ ಮರಳು ಊದಿ, ಆಮೇಲೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ ಮೈ ಒರೆಸಿ. ಒಣಬಟ್ಟೆಯಲ್ಲೇ ಉಜ್ಜಿ ನನ್ನ ಫಿಲ್ಟರ್ ಗೀರುಬಿದ್ದಿದೆ.