ಬುಗಾಂಡಾದ ಹಳ್ಳಿಗಳಿಗೆ ಕ್ಯಾಥೊಲಿಕ್ ಧರ್ಮವನ್ನು ಒಯ್ದವರು ಯಾರು?

ವಸಾಹತು ಸರ್ಕಾರದ ಆಸರೆ ಇರದಿದ್ದರೆ ಆಫ್ರಿಕಾದ ಹಳ್ಳಿಗಳಲ್ಲಿ ಕ್ಯಾಥೊಲಿಕ್ ಮಿಷನರಿಗಳು ಬೇರೂರುತ್ತಿದ್ದರೇ ಎಂದು ತಾವು ಕೇಳಿದ್ದೀರಿ. ಇಡೀ ಖಂಡಕ್ಕೆ ಹೊಂದುವ ಉತ್ತರ ಇದಕ್ಕಿಲ್ಲ. ನಾನು ಹೆಚ್ಚಾಗಿ ಓದಿರುವುದು ಇಂದಿನ ಉಗಾಂಡಾದ ಭಾಗವಾಗಿರುವ ಬುಗಾಂಡಾ ರಾಜ್ಯದ ಚರಿತ್ರೆಯಾದ್ದರಿಂದ ಅದನ್ನೇ ಆಧರಿಸಿ ಹೇಳುತ್ತೇನೆ.

ಅಲ್ಜಿಯರ್ಸ್‌ನ ಮಹಾಧರ್ಮಾಧ್ಯಕ್ಷ ಲವಿಜೆರಿ 1868ರಲ್ಲಿ ಸ್ಥಾಪಿಸಿದ, ಬಿಳಿ ನಿಲುವಂಗಿಯಿಂದಾಗಿ 'ವೈಟ್ ಫಾದರ್ಸ್' ಎಂದೇ ಹೆಸರಾದ ಸಂಸ್ಥೆಯ ಫಾದರ್ ಲೂರ್ಡೆಲ್ ಮತ್ತು ಬ್ರದರ್ ಅಮಾನ್ಸ್ 1879ರ ಫೆಬ್ರವರಿಯಲ್ಲಿ ಬುಗಾಂಡಾ ತಲುಪಿದರು. ಬ್ರಿಟಿಷರು ಆ ನಾಡನ್ನು ತಮ್ಮ ರಕ್ಷಿತ ಪ್ರದೇಶವೆಂದು ಸಾರಿದ್ದು 1894ರಲ್ಲಿ, ಅಂದರೆ ಹದಿನೈದು ವರ್ಷಗಳ ತರುವಾಯ. ದೊರೆ ಮುಟೇಸಾನ ಆಸ್ಥಾನದಲ್ಲಿ ನಿಲ್ಲುವುದು ಕಷ್ಟವಾಗಿ 1882ರಲ್ಲಿ ಪಾದ್ರಿಗಳು ವಿಕ್ಟೋರಿಯಾ ಸರೋವರದ ದಕ್ಷಿಣ ದಡಕ್ಕೆ ಹೊರಟುಹೋದರು, ಮರಳಿದ್ದು 1885ರಲ್ಲಿ. ನನಗೆ ಈ ಚರಿತ್ರೆಯ ತಿರುಳೆಂದು ತೋರುವುದು ಆ ಖಾಲಿ ಅವಧಿಯೇ. ಒಬ್ಬ ಗುರುವೂ ಇಲ್ಲದಿದ್ದಾಗ ಅರಮನೆಯ ಊಳಿಗದ ತರುಣರು ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು, ಜೋಸೆಫ್ ಮುಕಾಸಾನಂಥವರು ಮುಂದಾಳುಗಳಾದರು, ಪಾದ್ರಿಗಳು ಹಿಂದಿರುಗುವ ಹೊತ್ತಿಗೆ ಸಮುದಾಯ ಕರಗುವ ಬದಲು ಬೆಳೆದಿತ್ತು. ಮುಂದಿನ ದೊರೆ ಮ್ವಾಂಗಾ 1885ರ ನವೆಂಬರ್‌ನಲ್ಲಿ ಮುಕಾಸಾನನ್ನು ಕೊಲ್ಲಿಸಿದ. 1886ರ ಜೂನ್ 3ರಂದು ಅರಮನೆಯ ಊಳಿಗದ ಕ್ರೈಸ್ತ ತರುಣರ ಮುಂದಾಳು ಚಾರ್ಲ್ಸ್ ಲ್ವಾಂಗಾ ಮತ್ತು ಸಂಗಡಿಗರನ್ನು ನಮುಗೊಂಗೊದಲ್ಲಿ ಸುಡಲಾಯಿತು.

ಬ್ರಿಟಿಷ್ ಬಲ ಬಂದಾಗ ಅದು ಕ್ಯಾಥೊಲಿಕರ ಎದುರಿಗೇ ನಿಂತಿತು. 1892ರಲ್ಲಿ ರಾಜಧಾನಿ ಮೆಂಗೊದಲ್ಲಿ ಎರಡು ಪಂಥಗಳ ನಡುವೆ ನಡೆದ ಕಾಳಗದಲ್ಲಿ ಬ್ರಿಟಿಷ್ ಕಂಪನಿಯ ಅಧಿಕಾರಿ ಲುಗಾರ್ಡ್ ಪ್ರಾಟೆಸ್ಟೆಂಟರ ಪಕ್ಷ ವಹಿಸಿದ್ದರಿಂದ ಸೋತ ಕ್ಯಾಥೊಲಿಕರು ಬುಗಾಂಡಾದ ನೈಋತ್ಯದ ಬುಡ್ಡು ಸೀಮೆಗೆ ಸರಿದರು, ಅಲ್ಲಿಂದ ಧರ್ಮ ಹಳ್ಳಿಗಾಡಿನದಾಯಿತು. ಹಾಗೆಂದು ಅದೆಲ್ಲ ಶುದ್ಧ ಸ್ವಇಚ್ಛೆಯೆಂದು ನಾನು ಹೇಳಲಾರೆ, ಏಕೆಂದರೆ ನೆಲದ ಒಡೆತನವಿದ್ದ ನಾಯಕ ಯಾವ ಪಂಥದವನೋ ಆತನ ಒಕ್ಕಲುಗಳು ಆ ಕಡೆಗೆ ವಾಲುವುದು ಸಹಜವಾಗಿತ್ತು. ಆದರೂ ದೀಕ್ಷಾಸ್ನಾನಕ್ಕೆ ಮೊದಲು ನಾಲ್ಕು ವರ್ಷಗಳ ಕಲಿಕೆಯಾಗಬೇಕೆಂಬ ಲವಿಜೆರಿಯ ನಿಯಮವನ್ನು ಹಳ್ಳಿಹಳ್ಳಿಯಲ್ಲಿ ನಡೆಸುವುದು ಬೆರಳೆಣಿಕೆಯ ಯುರೋಪಿಯನ್ನರಿಂದ ಆಗದ ಮಾತು. ಆ ದಿನನಿತ್ಯದ ದುಡಿಮೆ ಸ್ಥಳೀಯ ಉಪದೇಶಿಗಳದ್ದು. ಇದೇ ನೆಲದ ಇಬ್ಬರು 1913ರಲ್ಲಿ ಬುಡ್ಡುವಿನ ವಿಲ್ಲಾ ಮರಿಯಾದಲ್ಲಿ ಗುರುದೀಕ್ಷೆ ಪಡೆದು ಪಾದ್ರಿಗಳಾದರು; 1939ರಲ್ಲಿ ಜೋಸೆಫ್ ಕಿವಾನುಕಾ ಅದೇ ಸೀಮೆಯ ಮಸಾಕಾದ ಧರ್ಮಾಧ್ಯಕ್ಷರಾದರು.

ತಮ್ಮ ಅನುಮಾನ ಸರಿಯಾಗಿ ಹೊಂದುವುದು ಕಾಂಗೋಗೆ. ಅದನ್ನು ಆಳುತ್ತಿದ್ದ ಬೆಲ್ಜಿಯಂ ದೊರೆ ಲಿಯೊಪೋಲ್ಡನ ಆಡಳಿತ 1906ರಲ್ಲಿ ವ್ಯಾಟಿಕನ್‌ನೊಡನೆ ಮಾಡಿಕೊಂಡ ಒಪ್ಪಂದದಂತೆ ಪ್ರತಿ ಮಿಷನ್‌ಗೂ 100ರಿಂದ 200 ಹೆಕ್ಟೇರ್ ಭೂಮಿ ದೊರೆಯಬೇಕಿತ್ತು, ಪ್ರತಿಯಾಗಿ ಮಿಷನ್‌ಗಳು ಸರ್ಕಾರದ ಮೇಲ್ವಿಚಾರಣೆಯಲ್ಲಿ ಶಾಲೆ ನಡೆಸಬೇಕಿತ್ತು. ಅಲ್ಲಿನ ಹಳ್ಳಿಯವರಿಗೆ ಪಾದ್ರಿಯೂ ಅಧಿಕಾರಿಯೂ ಒಂದೇ ಮನೆಯವರಂತೆ ಕಂಡಿದ್ದರೆ ಅದಕ್ಕೆ ಕಾರಣವಿತ್ತು.